ಕಿರುತೆರೆಯ ಸೊಸೆಗೆ ನಾಳೆಯ ಕಂತಿದೆ, ನಮಗೆ?

ಸ್ವಸಹಾಯ ಗುಂಪಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಮಾತು ಹೊರಳುವುದು ಹೆಚ್ಚಾಗಿ ಧಾರಾವಾಹಿಗಳ ಕಡೆಗೆ. ಇದನ್ನು ಕಂಡು ನಗುವವರಿದ್ದಾರೆ. ನಗಬೇಕಾದ ವಿಷಯವಲ್ಲ ಇದು. ಬೀಡಿ ಸುರುಟುತ್ತಲೋ ಚಟ್ನಿ ಅರೆಯುತ್ತಲೋ ನೋಡುವ ಆ ಅರ್ಧ ಗಂಟೆ ನಮ್ಮದು. ಅದು ನಮಗೆ ಏನನ್ನು ಕಲಿಸುತ್ತಿದೆ ಎಂದು ಕೇಳುವ ಹಕ್ಕೂ ನಮ್ಮದೇ.

ಕಿರುತೆರೆಯ ಹೆಣ್ಣು ಬದಲಾಗಿದ್ದಾಳೆ, ನಿಜ. 1985ರಲ್ಲಿ ದೂರದರ್ಶನದ 'ರಜನಿ' ಅನ್ಯಾಯ ಕಂಡಲ್ಲಿ ಪ್ರಶ್ನಿಸುವ ಗೃಹಿಣಿಯಾಗಿ ಬಂದಳು. 1989ರ 'ಉಡಾನ್' ಹುಡುಗಿ ಪೊಲೀಸ್ ಅಧಿಕಾರಿಯಾದಳು. 2000ದ ಜುಲೈಯಲ್ಲಿ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಶುರುವಾದ ಮೇಲೆ ಹೆಣ್ಣು ಮತ್ತೆ ರೇಷ್ಮೆ ಸೀರೆ ಉಟ್ಟು ಕೂಡುಕುಟುಂಬದ ಹೊಸ್ತಿಲೊಳಗೆ ಸೇರಿದಳು. ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಪುಟ್ಟಕ್ಕ (ಉಮಾಶ್ರೀ) ಗಂಡ ಬಿಟ್ಟುಹೋದರೂ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದವಳು. 2022ರಲ್ಲಿ ಬಂದ 'ಭಾಗ್ಯಲಕ್ಷ್ಮೀ'ಯಲ್ಲಿ ಭಾಗ್ಯಳ ಬೆನ್ನಿಗೆ ನಿಂತವಳು ಅತ್ತೆ. ಇಂಥ ಅತ್ತೆಯನ್ನು ತೋರಿಸಿದ್ದಕ್ಕೆ ಮೆಚ್ಚುಗೆ ಹೇಳೋಣ.

ಆದರೆ ದುಡಿಯುವ ಹೆಣ್ಣು ತೆರೆಗೆ ಬಂದಳೆಂದು ಮನೆ ಬದಲಾಯಿತೇ? ಅವಳ ಪಾಲಿಗೆ ಸಂಪಾದನೆ ಕೂಡಿಕೊಂಡಿತು, ಅಡುಗೆ ಪಾತ್ರೆ ಕಳೆಯಲಿಲ್ಲ. ಗಂಡ ಈಗಲೂ ಸೋಫಾದಲ್ಲಿ ಕಾಫಿಗೆ ಕಾಯುತ್ತಾನೆ. ಬೀಡಿಯ ಮಜೂರಿಯಿಂದ ಮನೆ ನಡೆಸಿದ ತುಳುನಾಡಿನ ಹೆಂಗಸರಿಗೆ ಇದು ಹೊಸತಲ್ಲ. ಮಗಳ ಮೂಲಕವೇ ಕುಟುಂಬ ಮುಂದುವರಿಯುತ್ತಿದ್ದ ಅಳಿಯಸಂತಾನದ ನಾಡಿನಲ್ಲೂ ಇಂದು ಮಗಳ ಮದುವೆಯೆಂದರೆ ಸಾಲ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಹೆಚ್ಚಿನ ಧಾರಾವಾಹಿಗಳಲ್ಲಿ ಸೊಸೆಯನ್ನು ಗೋಳು ಹೊಯ್ದುಕೊಳ್ಳುವವಳು ಅತ್ತೆ, ನಾದಿನಿ ಇಲ್ಲವೇ ಗಂಡನ ಹಿಂದೆ ಬಿದ್ದ ಇನ್ನೊಬ್ಬ ಹೆಣ್ಣು. ಗಂಡ ಪಾಪ, ಏನೂ ಅರಿಯದವನು! ಹೀಗೆ ವರದಕ್ಷಿಣೆಯ ಹಿಂಸೆ 'ಹೆಂಗಸರ ಜಗಳ' ಆಗಿಬಿಡುತ್ತದೆ. ಕೊಟ್ಟ ಕಾರು ಯಾರ ಹೆಸರಿನಲ್ಲಿದೆ? ಹಣ ಯಾರ ವ್ಯಾಪಾರಕ್ಕೆ ಹೋಯಿತು? ಈ ಪ್ರಶ್ನೆಗಳು ತೆರೆಯ ಮೇಲೆ ಬರುವುದೇ ಇಲ್ಲ. ಕಾನೂನು ಹಾಗಲ್ಲ. 1983ರ 498-ಎ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು, ಮೊದಲು ಹೆಸರಿಸುವುದು ಗಂಡನನ್ನು. ಅವನ ಸಂಬಂಧಿಕರು ಆಮೇಲೆ.

ಮೂರನೆಯದು ತಾಳ್ಮೆಯ ಪಾಠ. ಸಹಿಸಿದ ಸೊಸೆ ಕೊನೆಗೆ ಗೆಲ್ಲುತ್ತಾಳೆ, ಏಕೆಂದರೆ ಅವಳ ನಾಳೆಯನ್ನು ಬರೆಯುವವರಿದ್ದಾರೆ. ನಮ್ಮ ನಾಳೆಯನ್ನು ಯಾರು ಬರೆಯುತ್ತಾರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡವರು. ಇವರಲ್ಲಿ ಎಷ್ಟು ಜನ 'ಸ್ವಲ್ಪ ಸಹಿಸಿಕೋ' ಎಂಬ ಮಾತು ಕೇಳಿರಬಹುದು!

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ದೌರ್ಜನ್ಯ ಎನ್ನುವುದಿಲ್ಲ. ಬೈಗುಳ, ಲೈಂಗಿಕ ಹಿಂಸೆ, ಖರ್ಚಿಗೆ ಕೊಡದಿರುವುದು, ಹೆಂಡತಿಯ ಚಿನ್ನ ಕಸಿದುಕೊಳ್ಳುವುದು ಇವೂ ದೌರ್ಜನ್ಯವೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಯಾವ ನಾಯಕಿಯೂ ಅಳುವ ದೃಶ್ಯದಲ್ಲಿ ಸಂರಕ್ಷಣಾಧಿಕಾರಿಯ ಕಚೇರಿಗೆ ಹೋಗುವುದನ್ನಾಗಲೀ 181ಕ್ಕೆ ಫೋನು ಮಾಡುವುದನ್ನಾಗಲೀ ನೀವು ಎಷ್ಟು ಬಾರಿ ನೋಡಿದ್ದೀರಿ?

ಗೆಳತಿಯರೇ, ಧಾರಾವಾಹಿ ನೋಡಬೇಡಿ ಎನ್ನುತ್ತಿಲ್ಲ. ಒಟ್ಟಿಗೆ ಕುಳಿತು ನೋಡಿ. ಮುಂದಿನ ಸಭೆಯಲ್ಲಿ ಒಂದು ಕಂತನ್ನು ಚರ್ಚೆಗೆ ಎತ್ತಿಕೊಳ್ಳಿ: ಇದರಲ್ಲಿ ಲಾಭ ಯಾರಿಗಾಯಿತು, ದುಡಿದವರು ಯಾರು, ಬಾಯಿ ಮುಚ್ಚಿದವರು ಯಾರು? ಆ ಮಾತಿನ ನಡುವೆ ಒಬ್ಬಳು ತಟ್ಟನೆ ಮೌನವಾದರೆ ಅಂದಿನ ಲೆಕ್ಕಪುಸ್ತಕ ಮುಚ್ಚಿಡಿ, ಅವಳ ಪಕ್ಕ ಕುಳಿತುಕೊಳ್ಳಿ. ಅವಳ ಕತೆಯನ್ನು ನಾಳೆಗೆ ಮುಂದೂಡುವುದು ಬೇಡ.