ಹಾಜರಿ ಪುಸ್ತಕದ ಕೆಂಪು ಗೆರೆ



ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಜ್ವರ ಬಂದು ಸತ್ತ. ನಮ್ಮ ಕೇರಿಯವನೇ. ಮಾರನೇ ದಿನ ಮೇಷ್ಟ್ರು ಎಂದಿನಂತೆ ಹಾಜರಿ ಕೂಗಿದರು. ಅವನ ನಂಬರಿಗೆ ಯಾರೂ ‘ಸಾರ್’ ಅನ್ನಲಿಲ್ಲ. ‘ಓ, ಅವನಾ’ ಅಂದು ಕೆಂಪು ಇಂಕಿನಲ್ಲಿ ಗೆರೆ ಎಳೆದು ಮುಂದಿನ ನಂಬರು ಕೂಗಿದರು. ಅಷ್ಟೇ. ಲೆಕ್ಕದ ಪಾಠ ಶುರುವಾಯಿತು.

ಅದೇ ವರ್ಷ ಊರಿನ ದೊಡ್ಡ ಜಮೀನ್ದಾರರ ತಂದೆ ತೀರಿಕೊಂಡರು. ಸ್ಕೂಲಿಗೆ ರಜಾ. ನಮ್ಮನ್ನೆಲ್ಲ ಸಾಲಾಗಿ ಕರೆದುಕೊಂಡು ಹೋಗಿ ಕೈ ಮುಗಿಸಿದರು. ನೋಡಿ, ನಾನೇ ಬರೆದಿದ್ದೇನೆ: ನಮ್ಮ ಹುಡುಗ ‘ಸತ್ತ’, ಅವರು ‘ತೀರಿಕೊಂಡರು’. ಆ ಭೇದ ನನ್ನ ನಾಲಿಗೆಗೂ ಹತ್ತಿದೆ. ಸಾವಿನ ಮುಂದೆ ಎಲ್ಲರೂ ಒಂದೇ ಅನ್ನುವುದು ಸುಳ್ಳು.

ಸ್ಕೂಲು ಏನು ಮಾಡಬೇಕಿತ್ತು? ಅದಕ್ಕೆ ದುಡ್ಡು ಬೇಕಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿ, ಏನಾಯಿತೆಂದು ನಿಜ ತಿಳಿಸಬೇಕಿತ್ತು. ನಮ್ಮನ್ನು ಮಣ್ಣಿಗೆ ಕಳಿಸಬೇಕಿತ್ತು. ಮೇಷ್ಟ್ರು ಕೇರಿಗೆ ಬಂದು ಅವನ ಅವ್ವನ ಎದುರು ಒಂದು ಗಳಿಗೆ ಕೂರಬೇಕಿತ್ತು. ಆಸ್ಪತ್ರೆಗೆ ಸೇರಿಸೋದು ಯಾಕೆ ತಡವಾಯಿತು ಅಂತ ಕೇಳಬೇಕಿತ್ತು. ಖಾಲಿ ಜಾಗದ ಪಕ್ಕ ಕೂತಿದ್ದ ನನ್ನನ್ನು ‘ಉಂಡೇನೋ, ನಿದ್ದೆ ಬಂತೇನೋ’ ಅಂತ ವಿಚಾರಿಸಬೇಕಿತ್ತು.

ಹಳ್ಳಿ ಸ್ಕೂಲು ಹಾಗಿರಲಿ, ದೊಡ್ಡ ವಿದ್ಯಾಸಂಸ್ಥೆಗಳಾದರೂ ಇದನ್ನು ಕಲಿತಿವೆಯೇ? 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ನಮ್ಮನ್ನಗಲಿದ. ಹಾಸ್ಟೆಲಿನಿಂದ ಹೊರದಬ್ಬಿಸಿಕೊಂಡ ಐವರಲ್ಲಿ ಒಬ್ಬ. ಆ ಐವರು ಕ್ಯಾಂಪಸ್ಸಿನ ಬಯಲಲ್ಲಿ ಟೆಂಟು ಹಾಕಿ ‘ವೆಲಿವಾಡ’ ಅಂತ ಕರೆದಿದ್ದರು. ತೆಲುಗಿನಲ್ಲಿ ಅಂದರೆ ಊರಾಚೆಯ ನಮ್ಮ ಕೇರಿ. ಗೆಳೆಯರು ‘ಯಾಕೆ’ ಅಂತ ಕೇಳಿದರು. ಮಾರ್ಚ್ 22ರಂದು ಪ್ರತಿಭಟಿಸಿದವರ ಮೇಲೆ ಲಾಠಿ ಬಿತ್ತು, ಮೆಸ್ಸು ಮುಚ್ಚಿತು. 2019ರ ಮೇ 22ರಂದು ಮುಂಬಯಿಯಲ್ಲಿ ಆದಿವಾಸಿ ಡಾಕ್ಟರ್ ಪಾಯಲ್ ತಡ್ವಿಯನ್ನು ಕಳಕೊಂಡೆವು. ಕ್ಯಾಂಪಸ್ಸಿನ ಜಾತಿ ತಾರತಮ್ಯದ ವಿರುದ್ಧ 2012ರಲ್ಲೇ ಯುಜಿಸಿ ನಿಯಮ ಮಾಡಿತ್ತು. ಅದನ್ನು ಸರಿಯಾಗಿ ಜಾರಿ ಮಾಡಿ ಅಂತ 2019ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದವರು ರಾಧಿಕಾ ವೇಮುಲ, ಅಬೇದಾ ತಡ್ವಿ, ಆ ಇಬ್ಬರು ತಾಯಂದಿರು. ಸಂಸ್ಥೆಗಳು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಅವ್ವಂದಿರು ಕೇಳಬೇಕಾಯಿತು.

ಇನ್ನು ನಮ್ಮ ಮಾತು. ನಾನೂ ಪದ್ಯ ಬರೆಯೋನು. ಸಾವಿಗೆ ಹೂವು, ದೀಪ ಅಂತ ಸಿಂಗಾರ ಮಾಡೋದು ನನಗೂ ಬರುತ್ತೆ. ಬೇಡ ಕಣ್ರೋ. ನಮಗೆ ಫೋಟೋಗಳು ಸಾಕು, ಬದುಕಿರೋರು ಬೇಕು. ರೂಮಿನಲ್ಲಿ ಒಬ್ಬ ಮಾತು ಬಿಟ್ಟರೆ, ಊಟ ಬಿಟ್ಟರೆ, ಅವನನ್ನು ಒಂಟಿ ಬಿಡಬೇಡಿ. ‘ಬದುಕು ಬೇಡ ಅನ್ನಿಸ್ತಿದೆಯೇನೋ’ ಅಂತ ನೇರವಾಗಿ ಕೇಳಿ. ಕೇಳಿದರೆ ಕೆಡುವುದಿಲ್ಲ. ಹಾಸ್ಟೆಲ್ ಗೋಡೆ ಮೇಲೆ 14416 ಅಂತ ದಪ್ಪಗೆ ಬರೆಯಿರಿ. ಅದು ಟೆಲಿ ಮಾನಸ್ ನಂಬರು. ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.

ಸಾವು ಬಂದರೆ ಎರಡು ನಿಮಿಷ ಮೌನ ನಿಲ್ಲೋಣ. ಆಮೇಲೆ ಬಾಯಿ ಬಿಡೋಣ. ಹಾಜರಿಯಲ್ಲಿ ಆ ನಂಬರು ಬಂದಾಗ ಇಡೀ ಕ್ಲಾಸು ಎದ್ದು ನಿಂತು ಅವನ ಹೆಸರು ಹೇಳಲಿ. ಗೆರೆ ಎಳೆಯುವವರು ತಲೆ ಎತ್ತಿ ನೋಡಲಿ.

ಜೈ ಭೀಮ್.