ಕಾಗದದ ಪರೀಕ್ಷೆ, ಗಣಕಯಂತ್ರದ ಪರೀಕ್ಷೆ

ಪಿ.ಯು. ತರಗತಿಯಲ್ಲಿ ಓದುವ ಮಕ್ಕಳುಳ್ಳ ಮನೆಗಳಲ್ಲಿ ಈಗ ಎರಡು ಬಗೆಯ ಪರೀಕ್ಷೆಗಳ ಮಾತು ಕೇಳಿಬರುವುದು. ೨೦೨೫ರಲ್ಲಿ ಕರ್ನಾಟಕದ ಸಿ.ಇ.ಟಿ. ಕಾಗದದ ಮೇಲೆ ನಡೆಯಿತು. ಅದೇ ವರ್ಷ ಜೆ.ಇ.ಇ. ಮೈನ್ ಪರೀಕ್ಷೆಯ ಇಂಜಿನಿಯರಿಂಗ್ ಪತ್ರಿಕೆಯು ಗಣಕಯಂತ್ರದ ಮೇಲೆ ನಡೆಯಿತು. ಇವೆರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಯನ್ನು ತುಸು ವಿಚಾರಮಾಡುವುದು ಉಚಿತವೆಂದು ನಮಗೆ ತೋರುತ್ತದೆ.

ಸಿ.ಇ.ಟಿ.ಯಲ್ಲಿ ಒಂದೊಂದು ವಿಷಯಕ್ಕೆ ೬೦ ಪ್ರಶ್ನೆ, ೮೦ ನಿಮಿಷ. ಲೇಖನಿಯಿಂದ ಒಮ್ಮೆ ತುಂಬಿದ ವೃತ್ತವನ್ನು ಅಳಿಸುವಂತಿಲ್ಲ. ಆದರೆ ಪ್ರಶ್ನೆಪತ್ರಿಕೆ ಕೈಯಲ್ಲಿಯೇ ಇರುವುದರಿಂದ ಮುಖ್ಯವಾದ ಮಾತಿನ ಕೆಳಗೆ ಗೆರೆಯೆಳೆಯಬಹುದು. ಗಣಕಯಂತ್ರದಲ್ಲಾದರೋ ಕೊನೆಯ ನಿಮಿಷದವರೆಗೂ ಉತ್ತರವನ್ನು ಬದಲಾಯಿಸಬಹುದು. ಸಂದೇಹವಿದ್ದ ಪ್ರಶ್ನೆಗೆ ಗುರುತಿಟ್ಟು ಮರಳಿ ಬರಬಹುದು. ಆದರೆ ಪ್ರಶ್ನೆ ಪರದೆಯ ಮೇಲೆ, ಲೆಕ್ಕ ಬೇರೆ ಹಾಳೆಯ ಮೇಲೆ. ಅಂಕಿಗಳನ್ನು ಇಳಿಸಿಕೊಳ್ಳುವಾಗ ತಪ್ಪು ನುಸುಳುವುದು ಸುಲಭ. ಜೆ.ಇ.ಇ.ಯಲ್ಲಿ ಕೀಲಿಮಣೆಯನ್ನೂ ಮುಟ್ಟುವಂತಿಲ್ಲ. ಉತ್ತರದ ಅಂಕಿಗಳನ್ನು ಪರದೆಯ ಮೇಲೆ ಮೌಸಿನಿಂದಲೇ ಒತ್ತಬೇಕು.

ನಡೆಸುವವರ ಕಷ್ಟವೂ ಎರಡು ತೆರ. ಕಾಗದವನ್ನು ಅಚ್ಚುಹಾಕಿ, ಊರೂರಿಗೆ ಸಾಗಿಸಿ, ಕಾಯಬೇಕು. ೨೦೨೪ರ ಜೂನ್ ೧೮ರಂದು ಕಾಗದದ ಮೇಲೆ ನಡೆದ ಯು.ಜಿ.ಸಿ. ನೆಟ್ ಪರೀಕ್ಷೆಯನ್ನು ಮರುದಿನವೇ ರದ್ದುಗೊಳಿಸಿ, ಬಳಿಕ ಗಣಕಯಂತ್ರದ ಮೇಲೆ ನಡೆಸಿದರು. ಹಾಗೆಂದು ಯಂತ್ರವು ನಿರ್ದೋಷಿಯಲ್ಲ. ೨೦೦೯ರಲ್ಲಿ ಸಿ.ಎ.ಟಿ. ಪರೀಕ್ಷೆ ಮೊದಲ ಸಲ ಗಣಕಯಂತ್ರಕ್ಕೆ ಬಂದಾಗ ಅನೇಕ ಕೇಂದ್ರಗಳಲ್ಲಿ ಯಂತ್ರಗಳು ಕೈಕೊಟ್ಟು, ಕೆಲವರು ಇನ್ನೊಂದು ದಿನ ಬರೆಯಬೇಕಾಯಿತು. ಅಲ್ಲದೆ ಲಕ್ಷಾಂತರ ಮಕ್ಕಳಿಗೆ ಒಂದೇ ವೇಳೆಯಲ್ಲಿ ಯಂತ್ರಗಳು ಸಾಲವು. ಆದುದರಿಂದ ಹಲವು ಪಾಳಿಗಳು, ಪಾಳಿಗೊಂದು ಪ್ರಶ್ನೆಪತ್ರಿಕೆ. ಒಂದು ಸುಲಭವಾಗಿ ಇನ್ನೊಂದು ಕಠಿನವಾದೀತೆಂದೇ ಅಲ್ಲಿ ಪರ್ಸೆಂಟೈಲ್ ಲೆಕ್ಕವಿಟ್ಟಿರುವರು. ೯೯ ಪರ್ಸೆಂಟೈಲ್ ಎಂದರೆ ೯೯ ಅಂಕವಲ್ಲ. ಅದೇ ಪಾಳಿಯಲ್ಲಿ ಬರೆದ ನೂರಕ್ಕೆ ೯೯ ಮಂದಿ ಅಷ್ಟೇ ಅಥವಾ ಅದಕ್ಕಿಂತ ಕಡಮೆ ಅಂಕ ಪಡೆದರೆಂದು ಅರ್ಥ. ಇದನ್ನರಿಯದೆ ಮಕ್ಕಳನ್ನು ಹೊಗಳುವುದೂ ತೆಗಳುವುದೂ ಸಲ್ಲದು.

ನಮ್ಮ ಅಭಿಪ್ರಾಯದಲ್ಲಿ ಮೇಲು ಕೀಳೆಂಬುದು ಸಾಧನದಲ್ಲಿಲ್ಲ, ಅದರ ಪರಿಚಯದಲ್ಲಿದೆ. ಪರೀಕ್ಷಾಕೇಂದ್ರದಲ್ಲಿಯೇ ಮೊದಲ ಬಾರಿಗೆ ಮೌಸನ್ನು ಹಿಡಿಯುವ ಹಳ್ಳಿಯ ಹುಡುಗಿಯ ವಿದ್ಯೆಯನ್ನು ಆ ಪರೀಕ್ಷೆ ಅಳೆಯುವುದಿಲ್ಲ. ಅವಳ ಕೈಯ ಅಭ್ಯಾಸವನ್ನು ಅಳೆಯುತ್ತದೆ. ಇದು ಅನ್ಯಾಯವಲ್ಲವೇ? ಪರೀಕ್ಷೆಯನ್ನು ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಒದಗಿಸಿದೆ. ಆದರೆ ಅವನ್ನು ತೆರೆಯಲು ಯಂತ್ರವೊಂದು ಬೇಕಷ್ಟೆ. ಗಣಕಯಂತ್ರವುಳ್ಳ ಶಾಲೆಗಳು ಭಾನುವಾರ ಬಾಗಿಲು ತೆರೆಯಲಿ. ಮನೆಯಲ್ಲಿ ಯಂತ್ರವುಳ್ಳವರು ನೆರೆಮನೆಯ ಮಕ್ಕಳನ್ನೂ ಕರೆದು ಕೂರಿಸಲಿ. ಎರಡು ಮೂರು ಗಂಟೆಗಳ ಈ ಉಪಕಾರದಿಂದ ಒಂದು ಮಗುವಿನ ವರುಷದ ಶ್ರಮ ಉಳಿದೀತು.