ಗುಜರಿಯಿಂದ ಎದ್ದು ಹಾರಿದ ವಿಮಾನಗಳು

ಎರಡನೇ ಮಹಾಯುದ್ಧ ಮುಗಿದು 80 ವರ್ಷಗಳಾದರೂ ಅಂದು ಕಳೆದುಹೋದ ಯುದ್ಧವಿಮಾನಗಳ ಶೋಧ ನಿಂತಿಲ್ಲ. 1942ರ ಜುಲೈನಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಅನಿವಾರ್ಯವಾಗಿ ಇಳಿದ ಅಮೆರಿಕದ ಪಿ-38 ಫೈಟರ್ ವಿಮಾನವೊಂದನ್ನು 1992ರಲ್ಲಿ 268 ಅಡಿ ಆಳದ ಮಂಜುಗಡ್ಡೆಯಿಂದ ಬಿಡಿಭಾಗಗಳಾಗಿ ಮೇಲೆತ್ತಲಾಯಿತು. ಹತ್ತು ವರ್ಷಗಳ ದುರಸ್ತಿಯ ನಂತರ, 2002ರಲ್ಲಿ ಅದು ಮತ್ತೆ ಹಾರಿತು. ಬರ್ಮಾದಲ್ಲಿ ಬ್ರಿಟಿಷರು ಹೂತಿಟ್ಟರೆನ್ನಲಾದ ಸ್ಪಿಟ್‌ಫೈರ್‌ಗಳಿಗಾಗಿ 2013ರಲ್ಲಿ ಯಾಂಗೂನ್ ವಿಮಾನ ನಿಲ್ದಾಣದ ಬಳಿ ನೆಲ ಅಗೆದವರಿಗೆ ಮಾತ್ರ ಒಂದೂ ಸಿಗಲಿಲ್ಲ.

ಇದೆಲ್ಲ ಸಿರಿವಂತ ದೇಶಗಳ ಖಯಾಲಿ, ನಮಗೇಕೆ ಎಂಬ ಪ್ರಶ್ನೆ ಸಹಜ. ಆದರೆ ಹಾಗೆ ಕೇಳುವ ಹಕ್ಕು ಬೆಂಗಳೂರಿಗಿಲ್ಲ ಎಂದೇ ನನ್ನ ಭಾವನೆ. ಇಂತಹ ಒಂದು ಸಾಹಸವನ್ನು ಅಭಿಮಾನಕ್ಕಾಗಿಯಲ್ಲ, ಅಗತ್ಯಕ್ಕಾಗಿ ಮಾಡಿದ ಊರು ಇದು.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯ ಬಿ-24 ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ಉಳಿದಿದ್ದವು. ಅಮೆರಿಕದಿಂದ ಎರವಲಾಗಿ ಬಂದ ಅವುಗಳನ್ನು ಮತ್ತಾರೂ ಬಳಸಬಾರದೆಂದು ಬೇಕೆಂದೇ ಕೆಡಿಸಿ ಗುಜರಿಯಾಗಿ ಬಿಡಲಾಗಿತ್ತು. ಸ್ವತಂತ್ರ ಭಾರತದ ಬಳಿ ಭಾರಿ ಬಾಂಬರ್‌ಗಳಿರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಆಗ ಎಚ್‌ಎಎಲ್ ಮುಂದೆ ಬಂತು. ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡಿ ಪಳಗಿದ್ದ ಕೈಗಳು ಇಲ್ಲಿದ್ದವು. ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಹಾರುವಷ್ಟು ಸರಿಪಡಿಸಿ, ಪೈಲಟ್ ಜಮ್ಷೆಡ್ ಮುನ್ಷಿ ಅವುಗಳನ್ನು ಇಲ್ಲಿಗೆ ತಂದರು. ಪೂರ್ಣ ದುರಸ್ತಿ ನಡೆದದ್ದು ಇಲ್ಲಿ. ಹೀಗೆ ಮರುಜೀವ ಪಡೆದವು ಸುಮಾರು 40. 1948ರ ನವೆಂಬರ್‌ನಲ್ಲಿ ಅವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ರೂಪುಗೊಂಡಿತು. 1968ರವರೆಗೆ ಅವು ಸೇವೆಯಲ್ಲಿದ್ದವು.

ಮುಂದಿನ ಕಥೆ ಇನ್ನೂ ಸ್ವಾರಸ್ಯಕರ. ತಯಾರಿಸಿದ ಅಮೆರಿಕದಲ್ಲೇ ಲಿಬರೇಟರ್‌ಗಳು ಕರಗಿಸುವ ಕುಲುಮೆ ಸೇರಿದ್ದರಿಂದ ಹೊರದೇಶಗಳ ಸಂಗ್ರಹಾಲಯಗಳು ಭಾರತದ ಕಡೆ ನೋಡಿದವು. ಇಂದು ಬ್ರಿಟನ್, ಕೆನಡಾ ಮತ್ತು ಅಮೆರಿಕದ ಅರಿಜೋನಾದಲ್ಲಿ ನಿಂತಿರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು. ಅಲ್ಲಿ ಅವುಗಳನ್ನು ಕಂಡು ಬೆರಗಾಗುವ ಪ್ರೇಕ್ಷಕರಲ್ಲಿ ಎಷ್ಟು ಮಂದಿಗೆ ಬೆಂಗಳೂರಿನ ಕೆಲಸಗಾರರ ನೆನಪಾದೀತು? ಅಲ್ಲಿನವರ ಮಾತಿರಲಿ, ನಮಗೇ ಅವರ ಹೆಸರು ತಿಳಿದಿಲ್ಲ. ಹಾರಿಸಿದವರ ಹೆಸರು ಉಳಿದೀತು, ರಿವೆಟ್ ಹೊಡೆದವರದು ಅಳಿಯುತ್ತದೆ.

ಹೆಸರಿನೊಂದಿಗೆ ಕೌಶಲವೂ ಅಳಿಯುತ್ತದೆ ಎಂಬುದೇ ನನ್ನ ಆತಂಕ. ನಮ್ಮ ವಾಯುಪಡೆಯ ವಿಂಟೇಜ್ ವಿಭಾಗಕ್ಕೆ 2018ರಲ್ಲಿ ಸೇರಿದ ಡಕೋಟಾ 'ಪರಶುರಾಮ' ಸಜ್ಜಾದದ್ದು ಬ್ರಿಟನ್ನಿನಲ್ಲಿ. ಅದನ್ನು ಕೊಡುಗೆಯಾಗಿ ನೀಡಿದ ರಾಜೀವ್ ಚಂದ್ರಶೇಖರ್ ಅವರ ಕಾಳಜಿ ಮೆಚ್ಚತಕ್ಕದ್ದು. ಆದರೆ ಗುಜರಿಯಿಂದ ನಾಲ್ಕು ಎಂಜಿನ್‌ಗಳ ಬಾಂಬರ್ ಎಬ್ಬಿಸಿದ ದೇಶ ಎರಡು ಎಂಜಿನ್‌ಗಳ ಡಕೋಟಾಕ್ಕೆ ಹೊರಗಿನ ಕೈ ಹಿಡಿಯಬೇಕಾಯಿತೇಕೆ?

ದುರಸ್ತಿಯೆಂದರೆ ಬಣ್ಣ ಬಳಿಯುವುದೂ ಅಲ್ಲ. 1942ರಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಇಳಿದು 2012ರಲ್ಲಿ ಪತ್ತೆಯಾದ ಕಿಟ್ಟಿಹಾಕ್ ಫೈಟರ್‌ಗೆ ಸಂಗ್ರಹಾಲಯದಲ್ಲಿ ಹೊಸ ಬಣ್ಣ ಬಳಿಯಲಾಯಿತು. 70 ವರ್ಷಗಳ ಮರಳು, ಬಿಸಿಲು ಬರೆದಿಟ್ಟ ಸಾಕ್ಷ್ಯ ಅದರಡಿ ಮುಚ್ಚಿಹೋಯಿತು. ದಾಖಲೆಯಿಲ್ಲದ ದುರಸ್ತಿ ಇನ್ನೊಂದು ಬಗೆಯ ನಾಶವೇ ಸರಿ.

ಬೆಂಗಳೂರಿನಲ್ಲಿ 2001ರಿಂದ ಎಚ್‌ಎಎಲ್ ವಸ್ತುಸಂಗ್ರಹಾಲಯವಿದೆ. ಅಲ್ಲಿ ಹಳೆಯ ವಿಮಾನವೊಂದನ್ನು ಸಾರ್ವಜನಿಕರ ಕಣ್ಣೆದುರೇ, ಐಟಿಐ ವಿದ್ಯಾರ್ಥಿಗಳ ಕೈಯಿಂದ, ನಿವೃತ್ತ ತಂತ್ರಜ್ಞರ ಮಾರ್ಗದರ್ಶನದಲ್ಲಿ ಬಿಚ್ಚಿ ಜೋಡಿಸಬಾರದೇಕೆ? ಹಾಗೆಯೇ ಆ ಕಾಲದ ನೌಕರರ ಕುಟುಂಬಗಳಲ್ಲಿ ಉಳಿದಿರಬಹುದಾದ ಫೋಟೊ, ಟಿಪ್ಪಣಿಗಳನ್ನು ಕೇಳಿ ಪಡೆಯಬೇಕು. ಲೋಹ ಮಂಜಿನಡಿ 50 ವರ್ಷ ಕಾಯಬಲ್ಲುದು. ಕೈಯಿಂದ ಕೈಗೆ ದಾಟುವ ವಿದ್ಯೆ ಒಂದು ತಲೆಮಾರು ತಪ್ಪಿದರೂ ಕಾಯುವುದಿಲ್ಲ.